ಢಾಕಾದ ಸಂಧಿಯೂ ಗಡಿಯ ನೆಲವೂ

ಇಬ್ಬರು ಮಿತ್ರನಾಯಕರು ಕೂಡಿ ಕುಳಿತು ಶಾಂತಿಯ ಹೆಸರಿನಲ್ಲಿ ಮಾಡಿಕೊಂಡ ಒಡಂಬಡಿಕೆಯು ಕಟ್ಟಕಡೆಗೆ ಯಾರ ಹೊಲದ ಮೇಲೆ ಹಾದುಹೋಗುತ್ತದೆಂಬುದನ್ನು ಅರಿಯಲು ದತ್ತಮಂಡಲದವರಾದ ನಾವು ಬಹುದೂರ ಹೋಗಬೇಕಾದುದಿಲ್ಲ. ನಮ್ಮ ಸೀಮೆಗೆ ಆ ಹೆಸರು ಬಂದುದೇ ಅಂಥದೊಂದು ಮೈತ್ರಿಯ ಫಲವಾಗಿ. ಹೈದರಾಬಾದಿನ ನಿಜಾಮನು ಇಂಗ್ಲಿಷ್ ಕಂಪೆನಿಯ ಸ್ನೇಹವನ್ನು ಬಯಸಿ, 1798ರಲ್ಲಿ ಅವರ ಸಹಾಯಕ ಸೈನ್ಯವನ್ನು ತನ್ನ ರಾಜ್ಯದಲ್ಲಿ ಇರಿಸಿಕೊಂಡನು. ಸ್ನೇಹಿತನ ಸೈನ್ಯವು ಬಂದು ಬೀಡುಬಿಟ್ಟ ಮೇಲೆ ಅದರ ವೆಚ್ಚವನ್ನು ಹೊರುವವರಾರು? 1800ನೆಯ ಇಸವಿ ಅಕ್ಟೋಬರ್ 12ನೆಯ ತಾರೀಖಿನ ಒಡಂಬಡಿಕೆಯಂತೆ ತುಂಗಭದ್ರೆಯ ದಕ್ಷಿಣದಲ್ಲಿದ್ದ ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಸೀಮೆಗಳನ್ನು ನಿಜಾಮನು ಆ ವೆಚ್ಚಕ್ಕಾಗಿ ಕಂಪೆನಿಗೆ ಬಿಟ್ಟುಕೊಟ್ಟನು. ಆದವಾನಿಯ ಹತ್ತಿಯ ಹೊಲದವನನ್ನಾಗಲಿ ರಾಯದುರ್ಗದ ನೇಕಾರನನ್ನಾಗಲಿ ಯಾರೂ ಕೇಳಲಿಲ್ಲ. ಮನ್ರೋ ಸಾಹೇಬನು ಕಲೆಕ್ಟರನಾಗಿ ಬಂದು ಭೂಮಿಯನ್ನು ಅಳೆಯಿಸತೊಡಗಿದಾಗಲೇ ತಮ್ಮ ಒಡೆಯರು ಬದಲಾದರೆಂಬುದು ಎಷ್ಟೋ ಹಳ್ಳಿಗಳಿಗೆ ತಿಳಿದಿರಬೇಕು.

ಬಂದ ಮಿತ್ರನ ಸೈನ್ಯವು ಹಿಂದಿರುಗುವುದು ಇತಿಹಾಸದಲ್ಲಿ ಅಪರೂಪ. ಹಾಗೆ ಹಿಂದಿರುಗಿದ ಒಂದು ಪ್ರಸಂಗವನ್ನೂ, ಆ ಮೈತ್ರಿಯ ಬೆನ್ನಲ್ಲಿ ಬಂದ ಗಡಿಯ ಇತ್ಯರ್ಥವೊಂದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. 1972 ಮತ್ತು 1974ರಲ್ಲಿ ಭಾರತದ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರಿಗೂ ಬಾಂಗ್ಲಾದೇಶದ ಪ್ರಧಾನಿ ಶೇಖ್ ಮುಜೀಬುರ್ ರಹಮಾನರಿಗೂ ನಡೆದ ಮಾತುಕಥೆಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಯುದ್ಧವಿಜಯದ ವರ್ಣನೆಯ ಕೆಳಗೆ ಹೂತುಹೋಗಿವೆ. ಯುದ್ಧವು ಹದಿಮೂರು ದಿನಗಳಲ್ಲಿ ಮುಗಿಯಿತು. ಮಾತು ಮುಗಿಯುವುದಕ್ಕೆ ನಾಲ್ವತ್ತು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವೆವು. 1947ರಲ್ಲಿ ಪಾಕಿಸ್ತಾನದ ಎರಡು ಭಾಗಗಳು ಭಾರತದ ಎರಡು ಪಕ್ಕಗಳಲ್ಲಿ ಹುಟ್ಟಿದವು. ಉರ್ದುವೊಂದೇ ರಾಜ್ಯಭಾಷೆಯಾಗತಕ್ಕದ್ದೆಂದು ಪಶ್ಚಿಮದವರು ಹಟ ಹಿಡಿದಾಗ, 1952ನೆಯ ಇಸವಿ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ನುಡಿಗಾಗಿ ತರುಣರು ಪ್ರಾಣ ತೆತ್ತರು. ತಾಯ್ನುಡಿಯ ಶಾಲೆಯನ್ನು ಉಳಿಸಿಕೊಳ್ಳಲು ವರ್ಷವರ್ಷವೂ ಅರ್ಜಿ ಹಿಡಿದು ಅಲೆಯುವ ನಮ್ಮಂಥವರಿಗೆ ಆ ದಿನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1970ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಮುಜೀಬರ ಅವಾಮಿ ಲೀಗ್ ಪಕ್ಷಕ್ಕೆ ಸ್ಪಷ್ಟ ಬಹುಮತ ದೊರೆತರೂ ಅಧಿಕಾರ ದೊರೆಯಲಿಲ್ಲ. 1971ನೆಯ ಇಸವಿ ಮಾರ್ಚಿ 25ರ ರಾತ್ರಿ ಸೈನ್ಯವು ಢಾಕಾದ ಮೇಲೆ ಬಿದ್ದಿತು. ಮುಜೀಬರು ಸೆರೆಯಾಗಿ ಪಶ್ಚಿಮಕ್ಕೆ ಒಯ್ಯಲ್ಪಟ್ಟರು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತವನ್ನು ಸೇರಿದರು. (ಅದಕ್ಕೂ ಮುಂಚೆಯೇ ಪೂರ್ವ ಬಂಗಾಳವನ್ನು ತೊರೆದು ಬಂದಿದ್ದವರ ಕೆಲವು ಕುಟುಂಬಗಳು ನಮಗೆ ಸಮೀಪದ ಸಿಂಧನೂರಿನ ಪುನರ್ವಸತಿ ಶಿಬಿರಗಳಲ್ಲಿ ನೆಲೆನಿಂತಿವೆ. ಅವರ ಮಕ್ಕಳು ಮನೆಯಲ್ಲಿ ಬಂಗಾಳಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುತ್ತಾರೆ.) ಡಿಸೆಂಬರ್ 3ರಂದು ಯುದ್ಧ ಮೊದಲಾಯಿತು. 6ರಂದು ಭಾರತವು ಬಾಂಗ್ಲಾದೇಶಕ್ಕೆ ಮಾನ್ಯತೆಯನ್ನು ಕೊಟ್ಟಿತು. 16ರಂದು ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಜನರಲ್ ನಿಯಾಜಿಯವರು ಜನರಲ್ ಅರೋರಾ ಅವರ ಮುಂದೆ ಶರಣಾಗತಿಪತ್ರಕ್ಕೆ ರುಜು ಹಾಕಿದರು.

ಮುಜೀಬರು ಈ ಯುದ್ಧದ ಒಂದು ದಿನವನ್ನೂ ಕಣ್ಣಾರೆ ಕಂಡವರಲ್ಲ. 1972ನೆಯ ಇಸವಿ ಜನವರಿ 8ರಂದು ಬಿಡುಗಡೆ ಹೊಂದಿ, ಲಂಡನ್ನಿಗೆ ಹೋಗಿ, ಅಲ್ಲಿಂದ ಬ್ರಿಟಿಷ್ ವಾಯುಪಡೆಯ ವಿಮಾನದಲ್ಲಿ 10ರ ಬೆಳಿಗ್ಗೆ ದೆಹಲಿಗೆ ಬಂದಿಳಿದರು. ರಾಷ್ಟ್ರಪತಿ ಗಿರಿಯವರೂ ಇಂದಿರಾ ಗಾಂಧಿಯವರೂ ವಿಮಾನನಿಲ್ದಾಣದಲ್ಲಿ ಎದುರುಗೊಂಡರು. ಅಲ್ಲಿ ಸೇರಿದ ಸಭೆಯಲ್ಲಿ ಅವರು ಇಂಗ್ಲಿಷಿನಲ್ಲಿ ಮಾತು ತೊಡಗಲು, ಜನರು ಬಂಗಾಳಿಯಲ್ಲಿಯೇ ಆಡಬೇಕೆಂದು ಕೂಗಿದರು. ಹಿಂದಿಯ ಊರಾದ ದೆಹಲಿಯು ಬಂಗಾಳಿಯನ್ನು ಕೇಳಬಯಸಿದ ಆ ಗಳಿಗೆಯನ್ನು ನೆನೆದರೆ ನಮಗೆ ಇಂದಿಗೂ ಸಂತೋಷವಾಗುತ್ತದೆ. ಅದೇ ದಿನ ಮಧ್ಯಾಹ್ನ ಅವರು ಢಾಕಾ ಸೇರಿದರು, 12ರಂದು ಪ್ರಧಾನಿಯಾದರು.

ಆಗ ಅವರ ಎದುರಿಗಿದ್ದ ಪ್ರಶ್ನೆಗಳಲ್ಲಿ ಅತ್ಯಂತ ನಾಜೂಕಾದುದು ಭಾರತದ ಸೈನ್ಯದ್ದು. ಆ ಸೈನ್ಯವಿಲ್ಲದೆ ದೇಶವು ಅಷ್ಟು ಬೇಗನೆ ಬಿಡುಗಡೆಯಾಗುತ್ತಿರಲಿಲ್ಲ. ಆ ಸೈನ್ಯವಿರುವವರೆಗೆ ದೇಶವು ಬಿಡುಗಡೆಯಾಯಿತೆಂದು ಜಗತ್ತು ಪೂರ್ಣವಾಗಿ ನಂಬುತ್ತಿರಲಿಲ್ಲ. ಮುರಿದ ಸೇತುವೆಗಳು, ಕೈಯಿಂದ ಕೈಗೆ ಹರಡಿದ್ದ ಬಂದೂಕುಗಳು, ಸೇಡಿಗಾಗಿ ಕಾದಿದ್ದ ಮನಸ್ಸುಗಳು, ಇವುಗಳ ನಡುವೆ ಹೊಸ ಸರಕಾರಕ್ಕೆ ಸ್ವಂತ ಸೈನ್ಯವೆಂಬುದು ಇನ್ನೂ ಕೂಡಿಬಂದಿರಲಿಲ್ಲ. ಇಂತಹ ಹೊತ್ತಿನಲ್ಲಿ ಇನ್ನು ಕೆಲಕಾಲ ಇರಿ ಎಂದು ಕೇಳಿಕೊಳ್ಳುವುದು ಸುಲಭ. ಹೋಗಿಬನ್ನಿ ಎಂದು ಹೇಳುವುದು ಕಠಿನ. ಮುಜೀಬರು ಕಠಿನವಾದುದನ್ನೇ ಆರಿಸಿಕೊಂಡರು. ಫೆಬ್ರವರಿ 6ರಿಂದ 8ರವರೆಗೆ ಕಲಕತ್ತೆಯಲ್ಲಿ ಇಬ್ಬರಿಗೂ ಮಾತುಕಥೆ ನಡೆಯಿತು. ಭಾರತದ ಸೈನ್ಯವು ಮಾರ್ಚಿ 25ರೊಳಗೆ ಪೂರ್ಣವಾಗಿ ಹಿಂದಿರುಗತಕ್ಕದ್ದೆಂದು ಕೊನೆಯ ದಿನದ ಜಂಟಿ ಹೇಳಿಕೆಯು ಸಾರಿತು. ಒಂದು ವರ್ಷದ ಹಿಂದೆ ಢಾಕಾದ ಬೀದಿಗಳಲ್ಲಿ ರಕ್ತ ಹರಿದುದೂ ಮಾರ್ಚಿ 25ರಂದೇ ಎಂಬುದನ್ನು ಓದುಗರು ಗಮನಿಸಬೇಕು.

ಗಡುವು ತುಂಬುವ ತನಕ ಕಾಯಲೂ ಇಲ್ಲ. ಮಾರ್ಚಿ 12ರಂದು ಢಾಕಾದ ಕ್ರೀಡಾಂಗಣದಲ್ಲಿ ಬೀಳ್ಕೊಡುಗೆಯ ಕವಾಯತು ನಡೆಯಿತು. ಮುಜೀಬರು ವಂದನೆ ಸ್ವೀಕರಿಸಿದರು. ಇಂದಿರಾ ಗಾಂಧಿಯವರು ಢಾಕಾಕ್ಕೆ ಬಂದುದು ಇದಾದ ಐದು ದಿನಗಳಿಗೆ. ಈ ಕ್ರಮವು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ತನ್ನ ದಂಡು ಬೀದಿಯಲ್ಲಿ ನಿಂತಿರುವಾಗ ಹಾಕಿಸಿಕೊಂಡ ರುಜುವಿಗೆ ಎಷ್ಟು ಬೆಲೆಯೆಂಬುದು ಇಬ್ಬರಿಗೂ ಗೊತ್ತಿದ್ದಿತು. ಮೊದಲು ದಂಡು ತೆರಳಿತು, ಆಮೇಲೆ ಲೇಖನಿ ಬಂದಿತು. ನಿಜಾಮನ ಕಾಲದಲ್ಲಿ ಇದು ತಲೆಕೆಳಗಾಗಿದ್ದಿತು.

ಮಾರ್ಚಿ 17 ಮುಜೀಬರ ಹುಟ್ಟಿದ ದಿನವೂ ಹೌದು. ಅಂದು ಢಾಕಾಕ್ಕೆ ಬಂದಿಳಿದ ಇಂದಿರಾ ಗಾಂಧಿಯವರು, ಶರಣಾಗತಿ ನಡೆದಿದ್ದ ಅದೇ ಮೈದಾನದಲ್ಲಿ ಕಟ್ಟಿದ್ದ ವೇದಿಕೆಯ ಮೇಲಿಂದ ಅಪಾರ ಜನಸ್ತೋಮವನ್ನು ಕುರಿತು ಮಾತಾಡಿದರು. ಮುಂದಿನ ಎರಡು ದಿನಗಳ ಮಾತುಕಥೆಯ ಕೊನೆಗೆ, 19ರಂದು, ಸ್ನೇಹ, ಸಹಕಾರ ಮತ್ತು ಶಾಂತಿಯ ಒಪ್ಪಂದಕ್ಕೆ ಇಬ್ಬರೂ ರುಜು ಹಾಕಿದರು. ಹನ್ನೆರಡು ಕಲಮುಗಳ ಈ ಪತ್ರದ ಅವಧಿ ಇಪ್ಪತ್ತೈದು ವರ್ಷ. ಪರಸ್ಪರರ ಸ್ವಾತಂತ್ರ್ಯವನ್ನೂ ಗಡಿಗಳನ್ನೂ ಮನ್ನಿಸುವುದು. ಒಬ್ಬರ ಒಳಾಡಳಿತದಲ್ಲಿ ಇನ್ನೊಬ್ಬರು ಕೈಹಾಕದಿರುವುದು. ಮತ್ತೊಬ್ಬರಿಗೆ ವಿರೋಧವಾದ ಸೈನಿಕ ಕೂಟವನ್ನು ಸೇರದಿರುವುದು, ತನ್ನ ನೆಲವನ್ನು ಅದಕ್ಕೆ ಬಳಸಗೊಡದಿರುವುದು. ಪ್ರವಾಹ ನಿಯಂತ್ರಣ, ನೀರಾವರಿ, ವಿದ್ಯುತ್ತು ಇವುಗಳಿಗಾಗಿ ನದಿಗಳನ್ನು ಕೂಡಿ ಅಧ್ಯಯನ ಮಾಡುವುದು, ಇವೇ ಮುಖ್ಯವಾದುವು. ಒಂಬತ್ತನೆಯ ಕಲಮು ಎಲ್ಲಕ್ಕಿಂತ ಸೂಕ್ಷ್ಮವಾದುದು. ಇಬ್ಬರಲ್ಲಿ ಯಾರ ಮೇಲಾದರೂ ಆಕ್ರಮಣ ನಡೆದರೆ ಅಥವಾ ಅದರ ಭೀತಿ ಬಂದರೆ, ಇಬ್ಬರೂ ತತ್‌ಕ್ಷಣವೇ ಕೂಡಿ ಸಮಾಲೋಚಿಸಿ ತಕ್ಕ ಕ್ರಮ ಕೈಗೊಳ್ಳಬೇಕೆಂದು ಅದು ಹೇಳುತ್ತದೆ. ಸೈನ್ಯ ಕಳುಹಲೇಬೇಕೆಂದಾಗಲಿ, ಕಳುಹಿದ ಸೈನ್ಯವನ್ನು ಸಾಕಲೇಬೇಕೆಂದಾಗಲಿ ಹೇಳುವುದಿಲ್ಲ. ಹಿಂದಿನ ವರ್ಷದ ಆಗಸ್ಟ್ 9ರಂದು ಭಾರತವು ಸೋವಿಯತ್ ದೇಶದೊಡನೆ ಮಾಡಿಕೊಂಡ ಒಪ್ಪಂದದಲ್ಲಿಯೂ ಇದನ್ನೇ ಹೋಲುವ ಕಲಮು ಇದ್ದಿತು. ಒಬ್ಬ ದೊಡ್ಡ ಮಿತ್ರನಿಂದ ತಾನು ಏನನ್ನು ಪಡೆದಿತ್ತೋ ಭಾರತವು ಅದನ್ನೇ ತನ್ನ ಚಿಕ್ಕ ಮಿತ್ರನಿಗೂ ಕೊಟ್ಟಿತೆನ್ನಬಹುದು.

ಕನ್ನಡ ಪಾಠ ಹೇಳುವವರಾದ ನಮಗೆ ಸಂಧಿಯೆಂದೊಡನೆ ವ್ಯಾಕರಣವೇ ನೆನಪಾಗುವುದು ಸಹಜ, ಓದುಗರು ಕ್ಷಮಿಸಬೇಕು. ರಾಜರ ಸಂಧಿಗಳಲ್ಲಿ ಬಹುಮಟ್ಟಿಗೆ ಲೋಪಸಂಧಿಯೇ ಹೆಚ್ಚು: ಎರಡು ಸ್ವರಗಳು ಕೂಡಿದಾಗ ಒಂದು ಅಳಿಯಲೇಬೇಕು. ಎರಡೂ ತಮ್ಮ ತಮ್ಮ ರೂಪದಲ್ಲಿಯೇ ಉಳಿಯುವ ಪ್ರಕೃತಿಭಾವವು ವಿರಳ. ಢಾಕಾದ ಪತ್ರವು ಅದನ್ನು ಸಾಧಿಸಬಯಸಿತು. ಆದರೆ ಪತ್ರದಲ್ಲಿ ಸಮಾನರಾದವರು ನೆಲದ ಮೇಲೆ ಸಮಾನರಾಗಿರಲಿಲ್ಲ. ಒಬ್ಬರ ನಾಡು ಇನ್ನೊಬ್ಬರ ನಾಡನ್ನು ಮೂರು ಪಕ್ಕಗಳಲ್ಲಿಯೂ ಸುತ್ತುವರಿದಿದ್ದಿತು. ಒಬ್ಬರ ನದಿಗಳು ಇನ್ನೊಬ್ಬರ ನಾಡಿನಿಂದ ಇಳಿದುಬರುತ್ತಿದ್ದುವು. ಆದಕಾರಣ ಬಾಂಗ್ಲಾದೇಶದ ವಿರೋಧಪಕ್ಷಗಳವರು ಕೆಲಕಾಲದಲ್ಲಿಯೇ ಇದನ್ನು ದಾಸ್ಯದ ಕರಾರೆಂದು ಜರೆದರು. ಕಲಮುಗಳನ್ನು ಓದಿದವರಿಗೆ ಆ ಮಾತು ಅನ್ಯಾಯವೆಂದೇ ತೋರುತ್ತದೆ. ಹಾಗಿದ್ದರೂ ದೊಡ್ಡ ನೆರೆಯವನ ಬಗೆಗೆ ಚಿಕ್ಕವನಿಗಿರುವ ಅಂಜಿಕೆಯನ್ನು ಕೃತಘ್ನತೆಯೆಂದು ಕರೆಯಲು ನಮಗೆ ಮನಸ್ಸು ಬಾರದು. ಬಹುಸಂಖ್ಯಾತರ ನಡುವೆ ಅಲ್ಪಸಂಖ್ಯಾತ ಭಾಷಿಕರಾಗಿ ಬಾಳುವವರಿಗೆ ಆ ಅಂಜಿಕೆಯ ರುಚಿ ಗೊತ್ತು.

ಒಪ್ಪಂದದ ಬೆನ್ನಲ್ಲಿ ನದಿಗಳಿಗಾಗಿ ಒಂದು ಜಂಟಿ ಆಯೋಗ ಹುಟ್ಟಿತು. ಮಾರ್ಚಿ 28ರಂದು ವ್ಯಾಪಾರದ ಕರಾರು ಆಯಿತು. ಗಡಿಯ ಇಕ್ಕೆಲದ ಹಳ್ಳಿಗರು ತಮ್ಮ ದಿನಬಳಕೆಯ ಪದಾರ್ಥಗಳನ್ನು ಸಲೀಸಾಗಿ ಮಾರಿ ಕೊಳ್ಳಬಹುದೆಂಬ ಒಳ್ಳೆಯ ಏರ್ಪಾಡೂ ಅದರಲ್ಲಿದ್ದಿತು. ಕಳ್ಳಸಾಗಣೆಯವರು ಅದನ್ನು ಕೆಡಿಸಿದರು. ಕೆಲವೇ ತಿಂಗಳುಗಳಲ್ಲಿ ನಿಲ್ಲಿಸಬೇಕಾಯಿತು. ಯುದ್ಧಕೈದಿಗಳ ಪ್ರಶ್ನೆಯನ್ನು ಪಾಕಿಸ್ತಾನವೂ ಕೂಡಿದಂತೆ ಮೂರು ದೇಶಗಳು 1974ರ ಏಪ್ರಿಲಿನಲ್ಲಿ ಬಗೆಹರಿಸಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯು ಬಾಂಗ್ಲಾದೇಶವನ್ನು ಸೇರಿಸಿಕೊಂಡಿತು. ಮುಜೀಬರು ಅಲ್ಲಿಯೂ ಬಂಗಾಳಿಯಲ್ಲಿಯೇ ಭಾಷಣ ಮಾಡಿದರು.

ಇನ್ನು ಗಡಿಯ ವಿಷಯ. ನಮ್ಮ ಮನಸ್ಸು ಹೆಚ್ಚಾಗಿ ನಿಲ್ಲುವುದು ಇಲ್ಲಿಯೇ.

1947ರ ಜುಲೈ 8ರಂದು ಭಾರತಕ್ಕೆ ಮೊದಲ ಬಾರಿಗೆ ಬಂದ ರ್‍ಯಾಡ್‌ಕ್ಲಿಫ್ ಎಂಬ ಆಂಗ್ಲ ವಕೀಲರು ಆರು ವಾರ ತುಂಬುವುದರೊಳಗೆ ಪಂಜಾಬನ್ನೂ ಬಂಗಾಳವನ್ನೂ ಗೆರೆ ಎಳೆದು ಸೀಳಿದರು. ಗೆರೆಯು ಪ್ರಕಟವಾದುದು ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ, ಆಗಸ್ಟ್ 17ರಂದು. ಆದರೆ ಕೂಚ್ ಬಿಹಾರವು ಆಗ ಮಹಾರಾಜರ ಸಂಸ್ಥಾನವಾಗಿದ್ದಿತು. ಅದು ಭಾರತವನ್ನು ಸೇರಿದುದು 1949ರಲ್ಲಿ. ಆ ಮಹಾರಾಜರಿಗೂ ಮೊಗಲರ ಕೈಕೆಳಗಿನ ರಂಗಪುರದ ಸೀಮೆಗೂ ಹಿಂದೆ ನಡೆದ ಕದನಗಳ ಫಲವಾಗಿ ಒಬ್ಬರ ಗ್ರಾಮಗಳು ಮತ್ತೊಬ್ಬರ ಸೀಮೆಯ ಒಳಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದುವು. ರಾಜರಿಬ್ಬರು ಪಗಡೆಯಾಡಿ ಹಳ್ಳಿಗಳನ್ನು ಪಣಕ್ಕಿಟ್ಟು ಸೋತುದರಿಂದ ಹೀಗಾಯಿತೆಂಬ ಕತೆಯೊಂದು ಅಲ್ಲಿ ಪ್ರಚಾರದಲ್ಲಿದೆ. ಮಹಾಭಾರತವನ್ನು ಕೇಳಿ ಬೆಳೆದ ಜನಕ್ಕೆ ಬೇರೆ ಕಾರಣ ತೋಚುವುದಾದರೂ ಹೇಗೆ? ಎರಡೂ ಕಡೆ ಒಂದೇ ದೊರೆತನವಿದ್ದಾಗ ಇದರಿಂದ ಯಾರಿಗೂ ಬಾಧೆಯಿರಲಿಲ್ಲ. ನಡುವೆ ದೇಶಗಳ ಗೆರೆ ಬಿದ್ದೊಡನೆ ಆ ಗ್ರಾಮಗಳು ಸಮುದ್ರವಿಲ್ಲದ ದ್ವೀಪಗಳಾದವು. ಅವುಗಳಿಗೆ ಅಲ್ಲಿಯವರು ‘ಛಿಟ್‌ಮಹಲ್’ ಎನ್ನುತ್ತಾರೆ. ಬಾಂಗ್ಲಾದೇಶದ ಒಳಗೆ ಭಾರತದ 111, ಭಾರತದ ಒಳಗೆ ಬಾಂಗ್ಲಾದೇಶದ 51 ಇಂತಹವು ಕೊನೆಗೆ ಲೆಕ್ಕಕ್ಕೆ ಬಂದುವು. ದಹಲಾ ಖಗ್ರಾಬಾರಿ ಎಂಬ ಸೆಣಬಿನ ಹೊಲವೊಂದು ಭಾರತದ್ದು; ಅದರ ಸುತ್ತ ಬಾಂಗ್ಲಾದೇಶದ ಒಂದು ಹಳ್ಳಿ; ಆ ಹಳ್ಳಿಯ ಸುತ್ತ ಮತ್ತೆ ಭಾರತದ ತುಣುಕು; ಅದರ ಸುತ್ತ ಬಾಂಗ್ಲಾದೇಶ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ನಾವು ಇದನ್ನು ಬರೆದು ತೋರಿಸಿದಾಗ ಮಕ್ಕಳು ನಕ್ಕರು. ಅಲ್ಲಿ ಬದುಕುವವರಿಗೆ ನಗು ಬರುತ್ತಿರಲಿಲ್ಲ.

ಏಕೆಂದರೆ ಆ ತುಣುಕುಗಳಿಗೆ ತಮ್ಮ ದೇಶದ ಪೊಲೀಸು ಬರಲಾರದು, ವೈದ್ಯ ಬರಲಾರನು, ಮೇಷ್ಟರೂ ಬರಲಾರನು. ಬರಬೇಕಾದರೆ ಪರದೇಶದ ನೆಲವನ್ನು ತುಳಿಯಬೇಕು. ವಿದ್ಯುತ್ತಿಲ್ಲ, ಆಸ್ಪತ್ರೆಯಿಲ್ಲ, ಮತವಿಲ್ಲ. ಸಂತೆಗೆ ಹೋದವನು ಕಾನೂನಿನ ಕಣ್ಣಿಗೆ ಗಡಿ ದಾಟಿದ ಅಪರಾಧಿ. ಮಕ್ಕಳನ್ನು ಸುತ್ತಲಿನ ದೇಶದ ಶಾಲೆಗೆ ಸೇರಿಸಲು ತಂದೆತಾಯಿಗಳು ಕಂಡುಕೊಂಡ ಉಪಾಯವು ಕೇಳಲು ಕಷ್ಟವಾದುದು: ಗಡಿಯೊಳಗಿನ ಪರಿಚಿತನೊಬ್ಬನನ್ನು ಬೇಡಿ, ಅವನೇ ತಂದೆಯೆಂದು ದಾಖಲೆಯಲ್ಲಿ ಬರೆಸುತ್ತಿದ್ದರು. ಹೆತ್ತ ತಂದೆಯು ಬಾಗಿಲ ಹೊರಗೆ ನಿಂತಿರುವನು, ಹಾಜರಿ ಪುಸ್ತಕದಲ್ಲಿ ಎರವಲು ತಂದೆಯ ಹೆಸರು ಇರುವುದು. ಮೂರೂವರೆ ಮೈಲಿ ಆಚೆ ಕನ್ನಡ ಶಾಲೆಯಿದ್ದರೂ ಈಚೆ ಶಿಕ್ಷಕರ ಹುದ್ದೆ ತುಂಬದೆ ಮಕ್ಕಳು ಕುಳಿತಿರುವುದನ್ನು ಕಂಡ ನಮಗೆ ನಮ್ಮ ಕಷ್ಟವೇ ದೊಡ್ಡದೆಂಬ ಭಾವನೆ ಇದ್ದಿತು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗಗಳು ಬೇರ್ಪಟ್ಟವು. ಅಂದೂ ನಮ್ಮ ಹಿರಿಯರು ಹೆಂಡತಿಯ ತವರಿಗೆ, ಮಗಳ ಗಂಡನ ಮನೆಗೆ, ಬಳ್ಳಾರಿಯ ಅಂಗಡಿಬೀದಿಗೆ ಯಾರ ಅಪ್ಪಣೆಯೂ ಇಲ್ಲದೆ ಹೋಗಿಬರುತ್ತಿದ್ದರು, ನಾವೂ ಹೋಗಿಬರುತ್ತಿದ್ದೇವೆ. ಛಿಟ್‌ಮಹಲಿನವನಿಗೆ ಅಷ್ಟೂ ಇರಲಿಲ್ಲ.

1958ರಲ್ಲಿಯೇ ನೆಹರೂ ಅವರೂ ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನರೂ ಈ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಿದ್ದುಂಟು. ಬೇರುಬಾರಿ ಎಂಬ ಗ್ರಾಮಸಮೂಹದ ಅರ್ಧವನ್ನು ಬಿಟ್ಟುಕೊಡಬೇಕೆಂದಾಗ ಬಂಗಾಳದಲ್ಲಿ ಗಲಭೆಯಾಯಿತು. ಭಾರತದ ನೆಲವನ್ನು ಪರರಿಗೆ ಕೊಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕೆಂದು 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಭಿಪ್ರಾಯ ಕೊಟ್ಟಿತು. ತಿದ್ದುಪಡಿಯಾಯಿತು, ಕಾರ್ಯವಾಗಲಿಲ್ಲ. ವೈರಿಗಳಿಗೆ ಆಗದಿದ್ದುದನ್ನು ಮಿತ್ರರು ಕೈಗೆತ್ತಿಕೊಂಡರು. 1974ನೆಯ ಇಸವಿ ಮೇ 16ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರೂ ಮುಜೀಬರೂ ಭೂಗಡಿಯ ಒಪ್ಪಂದಕ್ಕೆ ರುಜು ಹಾಕಿದರು. ಛಿಟ್‌ಮಹಲುಗಳೆಲ್ಲ ಅದಲುಬದಲಾಗತಕ್ಕದ್ದು, ಬಾಂಗ್ಲಾದೇಶಕ್ಕೆ ಹೆಚ್ಚು ನೆಲ ಹೋಗುವುದಾದರೂ ಭಾರತವು ಪರಿಹಾರ ಕೇಳತಕ್ಕದ್ದಲ್ಲ, ಬೇರುಬಾರಿಯ ದಕ್ಷಿಣಾರ್ಧ ಭಾರತಕ್ಕೆ ಉಳಿಯತಕ್ಕದ್ದು, ದಹಗ್ರಾಮ, ಅಂಗರ್‌ಪೋತಾ ಎಂಬ ಎರಡು ಗ್ರಾಮಗಳು ಬಾಂಗ್ಲಾದೇಶಕ್ಕೇ ಉಳಿದು, ಅಲ್ಲಿಗೆ ಹೋಗಿಬರಲು 178 ಮೀಟರು ಉದ್ದ, 85 ಮೀಟರು ಅಗಲದ ‘ತೀನ್ ಬಿಘಾ’ ಎಂಬ ನೆಲವನ್ನು ಭಾರತವು ಶಾಶ್ವತವಾಗಿ ಗುತ್ತಿಗೆಗೆ ಕೊಡತಕ್ಕದ್ದು. ದೊಡ್ಡವನು ಕೊಂಚ ಹೆಚ್ಚು ಕೊಟ್ಟು ವ್ಯಾಜ್ಯ ಮುಗಿಸುವ ಈ ಬಗೆಯು ನಮ್ಮ ಹಳ್ಳಿಯ ಪಂಚಾಯಿತಿಯ ಹಿರಿಯರಿಗೂ ಮೆಚ್ಚಿಗೆಯಾಗುವಂಥದು.

ಬಾಂಗ್ಲಾದೇಶವು ಅದೇ ವರ್ಷದ ನವೆಂಬರಿನಲ್ಲಿ ತನ್ನ ಸಂವಿಧಾನವನ್ನು ತಿದ್ದಿ ಒಪ್ಪಂದವನ್ನು ಸ್ಥಿರಪಡಿಸಿತು. ನಮ್ಮ ಸಂಸತ್ತು ಸ್ಥಿರಪಡಿಸಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1975ರ ಏಪ್ರಿಲಿನಲ್ಲಿ ಫರಕ್ಕಾ ಅಣೆಕಟ್ಟು ಕೆಲಸಕ್ಕೆ ತೊಡಗಿ ಗಂಗೆಯ ನೀರಿನ ಜಗಳ ಬೆಳೆಯಿತು. ಆಗಸ್ಟ್ 15ರ ಬೆಳಗಿನ ಜಾವ ಸೈನ್ಯದ ಕೆಲವು ಅಧಿಕಾರಿಗಳು ಮುಜೀಬರನ್ನು ಅವರ ಮನೆಯಲ್ಲಿಯೇ ಹೆಂಡತಿ ಮಕ್ಕಳ ಸಹಿತ ಕೊಂದರು. ವಿದೇಶದಲ್ಲಿದ್ದ ಹೆಣ್ಣುಮಕ್ಕಳಿಬ್ಬರು ಮಾತ್ರ ಉಳಿದರು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರೂ ತಮ್ಮ ಮನೆಯಂಗಳದಲ್ಲಿ ಗುಂಡಿಗೆ ಬಲಿಯಾದರು. ರುಜು ಹಾಕಿದ ಎರಡು ಕೈಗಳೂ ಹೋದುವು, ಪತ್ರವು ಪೆಟ್ಟಿಗೆಯಲ್ಲಿ ಉಳಿಯಿತು. ತೀನ್ ಬಿಘಾದ ದಾರಿಯು ನ್ಯಾಯಾಲಯಗಳನ್ನು ಹತ್ತಿಳಿದು 1992ರ ಜೂನ್ 26ರಂದು ತೆರೆಯಿತು. ಅದೂ ಹಗಲಿನಲ್ಲಿ ಗಂಟೆ ಬಿಟ್ಟು ಗಂಟೆ. ರಾತ್ರಿ ಹೆರಿಗೆಯ ನೋವು ಬಂದವಳು ಬೆಳಗಾಗುವ ತನಕ ಕಾಯಬೇಕು. ಇಪ್ಪತ್ತನಾಲ್ಕು ಗಂಟೆಯೂ ತೆರೆದುದು 2011ರಲ್ಲಿ. ಇಪ್ಪತ್ತೈದು ವರ್ಷದ ಸ್ನೇಹದ ಒಪ್ಪಂದವು 1997ರಲ್ಲಿ ಅವಧಿ ತೀರಿ ಸದ್ದಿಲ್ಲದೆ ಮುಗಿಯಿತು. ಮುಂದುವರಿಸೋಣವೆಂದು ಯಾರೂ ಕೇಳಲಿಲ್ಲ.

ಭೂಗಡಿಯ ಒಪ್ಪಂದಕ್ಕೆ ಮಾತ್ರ ಅವಧಿಯಿರಲಿಲ್ಲ. ಅದು ಕಾದಿದ್ದಿತು. 2011ರ ಸೆಪ್ಟೆಂಬರಿನಲ್ಲಿ ಮನಮೋಹನ ಸಿಂಗರೂ ಮುಜೀಬರ ಮಗಳಾದ ಶೇಖ್ ಹಸೀನಾ ಅವರೂ ಢಾಕಾದಲ್ಲಿ ಅದಕ್ಕೆ ಪೂರಕವಾದ ಕರಾರು ಮಾಡಿಕೊಂಡರು. 2015ರ ಮೇ ತಿಂಗಳಿನಲ್ಲಿ ನಮ್ಮ ಸಂಸತ್ತಿನ ಎರಡು ಸಭೆಗಳೂ ಸಂವಿಧಾನದ ನೂರನೆಯ ತಿದ್ದುಪಡಿಯನ್ನು ಅಂಗೀಕರಿಸಿದವು. ಜೂನಿನಲ್ಲಿ ನರೇಂದ್ರ ಮೋದಿಯವರು ಢಾಕಾಕ್ಕೆ ಹೋದಾಗ ಪತ್ರಗಳು ವಿನಿಮಯವಾದುವು. ಪಕ್ಷಗಳು ಬದಲಾದರೂ ಕಾರ್ಯವು ನಿಲ್ಲದಿದ್ದುದು ಸಮಾಧಾನದ ಸಂಗತಿ. ಭಾರತದ ಕಡೆಯಿಂದ 17,160 ಎಕರೆ ಹೋಯಿತು, 7,110 ಎಕರೆ ಬಂದಿತು.

ಜುಲೈ 31ರ ನಡುರಾತ್ರಿ ಗಡಿಗಳು ಬದಲಾದುವು. ದಾಸಿಯಾರ್‌ಛರಾ ಎಂಬಲ್ಲಿ ಜನರು ಕಳೆದ 68 ವರ್ಷಗಳ ಲೆಕ್ಕಕ್ಕೆ 68 ಮೊಂಬತ್ತಿಗಳನ್ನು ಹಚ್ಚಿದರು. ಯಾವ ದೇಶ ಬೇಕೆಂದು ಈ ಸಲ ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಂಡಿದ್ದರು. ಭಾರತದ ತುಣುಕುಗಳಲ್ಲಿದ್ದ ಸುಮಾರು 37,000 ಮಂದಿಯಲ್ಲಿ ಸಾವಿರಕ್ಕೂ ಕಡಿಮೆ ಜನ ಭಾರತಕ್ಕೆ ಹೊರಟುಬಂದರು. ಬಾಂಗ್ಲಾದೇಶದ ತುಣುಕುಗಳಲ್ಲಿದ್ದ ಸುಮಾರು 14,000 ಮಂದಿಯಲ್ಲಿ ಒಬ್ಬರೂ ಇದ್ದ ಜಾಗ ಬಿಟ್ಟು ಕದಲಲಿಲ್ಲ. ಹೊಲ, ಗೋರಿ, ಬಾವಿಕಟ್ಟೆ ಎಲ್ಲಿವೆಯೋ ಅಲ್ಲಿಯೇ ಉಳಿದರು. ಬಂದವರು ದಿನ್‌ಹಾಟಾ, ಮೇಖ್‌ಲಿಗಂಜ್, ಹಲ್ದಿಬಾರಿಯ ತಗಡಿನ ಶಿಬಿರಗಳಲ್ಲಿ ಕೆಲವು ವರ್ಷ ಕಳೆಯಬೇಕಾಯಿತು.

2024ರ ಆಗಸ್ಟಿನಲ್ಲಿ ಢಾಕಾದಲ್ಲಿ ಸರಕಾರವು ಉರುಳಿ ಶೇಖ್ ಹಸೀನಾ ಅವರು ದೇಶ ಬಿಟ್ಟು ಭಾರತಕ್ಕೆ ಬಂದರು. 2025ರ ಫೆಬ್ರವರಿಯಲ್ಲಿ ಮುಜೀಬರ ಮನೆಯನ್ನೇ ಜನರ ಗುಂಪು ಕೆಡವಿತು. ಎರಡು ನಾಡುಗಳ ಸ್ನೇಹವು ಅಂದಿನಂತೆ ಇಲ್ಲ. ಆದರೆ ಛಿಟ್‌ಮಹಲುಗಳ ಗೆರೆಯನ್ನು ಮತ್ತೆ ಎಳೆಯಬೇಕೆಂದು ಯಾರೂ ಹೇಳಿಲ್ಲ. ಹೊಸದಾಗಿ ಹುಟ್ಟುವ ಮಕ್ಕಳಿಗೆ ತಂದೆಯ ನಿಜವಾದ ಹೆಸರನ್ನೇ ಬರೆಸಲು ಅಡ್ಡಿಯಿಲ್ಲ. ಹಿಂದೆ ಎರವಲು ಹೆಸರಿನಲ್ಲಿ ಓದಿ ಮುಗಿಸಿದವರು ಮಾತ್ರ ತಮ್ಮ ಪ್ರಮಾಣಪತ್ರಗಳನ್ನು ಹಿಡಿದು, ಇದರಲ್ಲಿರುವವನು ನಮ್ಮ ಅಪ್ಪನಲ್ಲವೆಂದು ಕಚೇರಿಗಳಲ್ಲಿ ರುಜುವಾತು ಮಾಡಬೇಕಾಗಿ ಬಂದಿತು.